ಅವರೆಕಾಳು ಹಿಸುಕುತ್ತ ಕೇಳಿದ ಪ್ರಶ್ನೆ

ಆಸ್ಪತ್ರೆಗೆ ಸೇರುವ ಹಿಂದಿನ ದಿನವೂ ನಮ್ಮ ಯಜಮಾನರು ಸಕ್ಕರೆ ಡಬ್ಬಿ ಹುಡುಕಿ ಸೋತರು! ಜಗತ್ತಿನಲ್ಲೇ ಅತಿ ಬೇಗ ಹುಡುಕುವ ವಿದ್ಯೆ ಬಲ್ಲವರೆಂದು ಶಂಕರಪುರಂನಲ್ಲೆಲ್ಲ ಹೆಸರಾಗಿದ್ದವರು ಕಾಫಿಗೆ ರವೆ ಸುರಿದುಕೊಂಡು, "ಇವತ್ತು ಸ್ವಲ್ಪ ಗಟ್ಟಿಯಾಗಿದೆ" ಎಂದು ಕುಡಿದೂಬಿಟ್ಟರು.

ಅವರು ಕಾಲೇಜಿನಲ್ಲಿ ಭೌತಶಾಸ್ತ್ರದ ಮೇಷ್ಟ್ರು. ನಾನು ಎಸ್ಸೆಸ್ಸೆಲ್ಸಿ. ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ ಅವರಿಗೆ ಕ್ವಾಂಟಂ ಹುಡುಕಾಟದ, ಅಂದರೆ ಅತಿ ಸಣ್ಣ ಕಣಗಳಿಂದ ಲೆಕ್ಕ ಮಾಡುವ ಯಂತ್ರದ ಹುಡುಕಾಟದ, ಹುಚ್ಚು ಹಿಡಿಯಿತು. ಒಂದು ಬೆಳಿಗ್ಗೆ ಅಡುಗೆಮನೆಯ ನಾಲ್ಕು ಸ್ಟೀಲ್ ಡಬ್ಬಿಗಳ ಚೀಟಿ ಕಿತ್ತು ಸಾಲಾಗಿ ಜೋಡಿಸಿದರು.

"ಸಕ್ಕರೆ ಯಾವುದ್ರಲ್ಲಿದೆ? ಅದೃಷ್ಟ ಕೆಟ್ರೆ ನೀನು ಮೂರು ಸಲ ತೆಗೆದು ನೋಡ್ಬೇಕು. ಕ್ವಾಂಟಂ ಯಂತ್ರ ಒಂದೇ ಸಲ ಕೇಳುತ್ತೆ, ಮುಗೀತು!"

"ಸರಿ, ನೀವೇ ಒಂದು ಸಲ ಕೇಳಿ, ನೋಡೋಣ."

ತೆಗೆದರು. ಮೆಂತ್ಯ!

"ಈ ಡಬ್ಬಿ ಕ್ವಾಂಟಂ ಅಲ್ಲ ಕಣೇ!"

ಚೀಟಿ ಮತ್ತೆ ಅಂಟಿಸಲು ಬಿಡಲೇ ಇಲ್ಲ. ನಮ್ಮ ಮನೆಯ ಸಾರು ಎಷ್ಟು ಸಲ ಪಾಯಸವಾಯಿತೋ, ಯಾರಿಗೆ ಹೇಳಲಿ?

ಅಷ್ಟರಲ್ಲಿ ಬಸವನಗುಡಿಯ ಸಭಾಂಗಣವೊಂದರಲ್ಲಿ ಅವರ ಉಪನ್ಯಾಸ ನಿಗದಿಯಾಯಿತು. ಕೇಳಲು ದೊಡ್ಡ ಪ್ರೊಫೆಸರರೊಬ್ಬರು ಬರುತ್ತಾರಂತೆ! ಅವರೆದುರು ಬಾಯಿ ಕಟ್ಟಿದರೆ ಇಷ್ಟು ವರ್ಷ ಪಾಠ ಮಾಡಿದ್ದೇ ದಂಡ ಎಂಬ ದಿಗಿಲು ಇವರಿಗೆ. ಅಭ್ಯಾಸಕ್ಕೆ ಸಿಕ್ಕವಳು ನಾನು. ನೆನೆಸಿದ ಅವರೆಕಾಳನ್ನು ಹಿಸುಕಿ ಸಿಪ್ಪೆ ಬಿಡಿಸುತ್ತ ಕೇಳಿಸಿಕೊಂಡೆ. ಆ ಯಂತ್ರದೊಳಗೆ ಡಬ್ಬಿಗೊಂದು ಅಲೆಯಂತೆ. ತಪ್ಪು ಡಬ್ಬಿಗಳ ಅಲೆ ತಗ್ಗುತ್ತದಂತೆ, ಸರಿಯಾದ ಡಬ್ಬಿಯ ಅಲೆ ಏಳುತ್ತದಂತೆ. ಈ ಕೆಲಸ ನಡೆಯುವಾಗ ಯಂತ್ರದ ಕಣಗಳು ಇದು ಬೇರೆ ಅದು ಬೇರೆ ಎನ್ನಲಾಗದಷ್ಟು ಹೆಣೆದುಕೊಳ್ಳುತ್ತವಂತೆ.

"ರೀ, ಕೆಲಸವೆಲ್ಲ ಅಲೇನೇ ಮಾಡೋದಾದ್ರೆ ಈ ಹೆಣಿಗೆ ಯಾಕ್ರೀ ಬೇಕು?"

ನನ್ನ ಜೊತೆ ತಾವೂ ಹಿಸುಕುತ್ತಿದ್ದ ಅವರ ಬೆರಳಿನ ನಡುವಿನ ಕಾಳು ಚಿಮ್ಮಿ ದೇವರ ಪಟಕ್ಕೆ ಬಡಿಯಿತು. ಮೂರು ದಿನ ಕಾಗದದ ಮೇಲೆ ಗೀಚಿದ್ದೇ ಗೀಚಿದ್ದು! ನಾಲ್ಕನೆಯ ದಿನ ಕೊತ್ತಂಬರಿ ತರಲು ಗಾಂಧಿ ಬಜಾರಿಗೆ ಹೋದವರು ಖಾಲಿ ಚೀಲ ಬೀಸುತ್ತ ಓಡಿಬಂದರು.

"ಸಿಕ್ತು ಕಣೇ!"

"ಕೊತ್ತಂಬರಿ ಎಲ್ಲಿ?"

"ಕೊತ್ತಂಬರಿ ಅಲ್ವೇ, ಉತ್ತರ!"

ಉಪನ್ಯಾಸದ ದಿನ ಪ್ರೊಫೆಸರರು ಎದ್ದು ನಿಂತರು. "ಮೇಷ್ಟ್ರೇ, ಹುಡುಕೋಕೆ ಅಲೆಗಳೇ ಸಾಕಲ್ವಾ? ಹೆಣಿಗೆ ಯಾಕೆ?"

ಅದೇ ನನ್ನ ಪ್ರಶ್ನೆ! ಇವರು ನಕ್ಕರು!

"ಸಾಕು ಸಾರ್. ಆದ್ರೆ ಬರೀ ಅಲೆ ಆದ್ರೆ ಸಾವಿರ ಡಬ್ಬಿಗೆ ಸಾವಿರ ಅಲೆ ಬೇರೆಬೇರೆ ಇಟ್ಕೋಬೇಕು. ಹೆಣೆದುಕೊಳ್ಳೋ ಕಣಗಳಾದ್ರೆ ಹತ್ತು ಸಾಕು, ಒಂದೊಂದು ಕಣ ಸೇರಿದಾಗ್ಲೂ ಲೆಕ್ಕ ದುಪ್ಪಟ್ಟಾಗುತ್ತೆ. ಸಾವಿರದ ಕೆಲಸ ಹತ್ತರಲ್ಲಿ ಹಿಡಿಸೋದೇ ಹೆಣಿಗೆ."

ಪ್ರೊಫೆಸರರು ತಲೆದೂಗಿದರು. ಇವರು ಅಷ್ಟಕ್ಕೆ ಬಿಡುವವರೇ? "ಅಂದ್ಹಾಗೆ, ಈ ಪ್ರಶ್ನೆ ನಿಮಗಿಂತ ಮೊದ್ಲು ನಮ್ಮನೆಯವ್ರು ಕೇಳಿದ್ರು. ಅವರೆಕಾಳು ಹಿಸುಕ್ತಾ!"

ಇಡೀ ಸಭೆ ನನ್ನ ಕಡೆ ತಿರುಗಿತು. ಪ್ರೊಫೆಸರರು ಕೈಮುಗಿದರು. ಚಪ್ಪಾಳೆಯೋ ಚಪ್ಪಾಳೆ! ಸೆರಗಿನಲ್ಲಿ ಮುಖ ಮುಚ್ಚಿಕೊಂಡೆ, ನಿಜ. ಒಳಗೊಳಗೇ ಎರಡಡಿ ಬೆಳೆದಿದ್ದೆ.

ನಡೆದುಕೊಂಡೇ ಮನೆಗೆ ಬಂದೆವು. ದಾರಿಯಲ್ಲಿ ಅವರೆಂದರು: "ಇನ್ನೊಂದು ವಿಚಿತ್ರ ಕೇಳು. ಶುರುವಿನಲ್ಲಿ ಕಣಗಳು ಬಿಡಿಬಿಡಿ. ಉತ್ತರ ಸಿಕ್ಕಾಗ್ಲೂ ಬಿಡಿಬಿಡಿ. ಹೆಣೆದುಕೊಂಡಿರೋದು ಮಧ್ಯದಲ್ಲಿ ಮಾತ್ರ." ಗೆದ್ದ ಖುಷಿಯಲ್ಲಿ ನಾನು ಬರೀ ಹೂಂ ಎಂದೆ.

ಅವರು ಹೋಗಿ ಆರು ತಿಂಗಳಾಯಿತು. ಉತ್ತರ ಸಿಕ್ಕ ಮೇಲೆ ಆ ಹೆಣಿಗೆ ಎಲ್ಲಿಗೆ ಹೋಗುತ್ತದೆ ಎಂದು ಅವತ್ತೇ ಕೇಳಬೇಕಿತ್ತು. ಈಗ ಕೇಳೋಣವೆಂದರೆ ಅವರಿಲ್ಲ.