ಎಂಟಿನ ಹೊಟ್ಟಿ

ನಮ್ಮ ಮನಿಯಾಗ ನಗಾಕ ಟಿ.ವಿ. ಹಚ್ಚಬೇಕಾಗಿಲ್ರಿ. ನನ್ನ ಹೆಂಡ್ತಿ ಒಂದು ಕೆಲಸ ‘ಸರಿಯಾಗಿ’ ಮಾಡಾಕ ಕುಂತ್ರ ಸಾಕು, ವಾರಕ್ಕಾಗುವಷ್ಟು ನಗು ಸಿಗ್ತೈತಿ. ಆಕಿ ಸರಕಾರಿ ಸಾಲಿ ಟೀಚರ್. ನಾನು ಸಿರುಗುಪ್ಪದ ರೈಸ್ ಮಿಲ್ಲಿನಾಗ ಫಿಟ್ಟರ್, ನಟ್ಟು ಬಿಗಿ ಆದ್ರ ಮುಗೀತು ಅನ್ನೋ ಮನುಷ್ಯ. ಆಕಿಗೆ ಬಿಗಿ ಆದ ಮ್ಯಾಲೂ ಸಮಾಧಾನ ಇಲ್ಲ, ನಾಲ್ಕೂ ನಟ್ಟಿನ ಮುಖ ಒಂದೇ ಕಡಿ ಇರಬೇಕು!

ಸಣ್ಣ ಮಿರ್ಚಿ

ಹೆಣ್ಣು ನೋಡಾಕ ಕುರುಗೋಡಿಗೆ ಹೋಗಿದ್ವಿ. ಮಂಡಕ್ಕಿ ಒಗ್ಗರಣಿ, ಮಿರ್ಚಿ ಬಂತು. ತಾಟು ಕೊಟ್ಟ ಹುಡುಗಿ ಒಳಗ ಹೋಗಬೇಕಲ್ಲ, ಹೋಗಲಿಲ್ಲ. ಅಲ್ಲೇ ನಿಂತು ನನ್ನ ಕಡೀನೇ ನೋಡಾಕ ಹತ್ತಿದ್ಲು. ಒಪ್ಪಿಗಿ ಆತು ಅಂತ ನಾನು ಅಂಗಿ ಕಾಲರ್ ಸರಿ ಮಾಡ್ಕೊಂಡೆ. ಸೀದಾ ಬಂದವಳು ನನ್ನ ಕೈಯಾಗಿನ ಮಿರ್ಚಿ ಇಸಗೊಂಡು, “ಎಲ್ಲರವೂ ಉದ್ದ ಅದಾವು, ನಿಮ್ಮದೊಂದು ಗಿಡ್ಡ ಬಂದೈತ್ರಿ” ಅಂತ ಬ್ಯಾರೆ ಉದ್ದಂದು ಇಟ್ಲು.

ನಮ್ಮವ್ವ ಅಲ್ಲೇ, “ಇಂಥಾ ಸೊಸಿನೇ ಬೇಕಾಗಿತ್ತು” ಅಂದ್ಲು. ಆ ಮಿರ್ಚಿ ಅರ್ಧ ನಾನು ಆಗಲೇ ಕಚ್ಚಿ ತಿಂದಿದ್ದೆ ಅಂತ ಇವತ್ತಿಗೂ ಆಕಿಗೆ ಹೇಳಿಲ್ಲ.

ರಸ್ತೆ ದಾಟೋ ಮನುಷ್ಯ

ಈ ಸಲ ಬ್ಯಾಸಗಿಯಾಗ ಆಕಿಗೆ ರೂಪನಗುಡಿಗೆ ವರ್ಗ ಆತು. ನಮ್ಮ ಮನಿ ಬಳ್ಳಾರಿ ಗಾಂಧಿನಗರದಾಗ. ಬಸ್ಸಿನ ಟೈಮಿಗೂ ಸಾಲಿ ಗಂಟಿಗೂ ಹೊಂದಂಗಿಲ್ಲ. ಸ್ಕೂಟಿ ಕಲೀಬೇಕು, ಇಲ್ಲಾಂದ್ರ ಆಕಿ ಅಲ್ಲೇ ಕೋಣಿ ಹಿಡಿದು ಇರಬೇಕು, ನಾನಿಲ್ಲಿ ಒಬ್ಬನೇ. ಮದುವಿ ಆದ ಮ್ಯಾಲೆ ನಾವು ಹಂಗ ಇದ್ದವರೇ ಅಲ್ಲ. ನೆನಸಿಕೊಂಡ್ರೇ ಇಬ್ಬರಿಗೂ ಸಂಕಟ. ಸಾಲಿ ಶುರು ಆಗೋದರೊಳಗ ಲೈಸೆನ್ಸ್ ಬೇಕೇ ಬೇಕು. ನನ್ನ ಲೈಸೆನ್ಸಿನ ಅವಧಿ ಮುಗಿದು ಏಳೆಂಟು ವರ್ಷ ಆಗಿತ್ತು, “ನೀವೂ ಹೊಸದಾಗಿ ಪರೀಕ್ಷಿ ಕೊಡ್ರಿ” ಅಂತ ನನ್ನ ಕೈಲೂ ಅರ್ಜಿ ಹಾಕ್ಸಿದ್ಲು.

ಮೊದಲು ಆರ್.ಟಿ.ಓ. ಆಫೀಸಿನಾಗ ಕಂಪ್ಯೂಟರ್ ಮುಂದ ಪರೀಕ್ಷಿ. ನಾನು ಟಕಟಕ ಒತ್ತಿ ಪಾಸಾದೆ. ಮಂದಿ ಮಕ್ಕಳಿಗೆ ಪರೀಕ್ಷಿ ಮಾಡೋ ಟೀಚರಮ್ಮ ಫೇಲ್! ಹೊರಗ ಬಂದಾಗ ಕಣ್ಣಾಗ ನೀರು.

“ಉತ್ತರ ಗೊತ್ತಿರಲಿಲ್ಲೇನು?” ಅಂದೆ.

“ಎಲ್ಲಾ ಗೊತ್ತಿತ್ರಿ. ಒಬ್ಬ ರಸ್ತೆ ದಾಟೋ ಚಿತ್ರ ಇತ್ತು. ಅವ ಎಡಕ್ಕೂ ನೋಡಿಲ್ಲ, ಬಲಕ್ಕೂ ನೋಡಿಲ್ಲ, ಹಂಗೇ ಹೊಂಟಾನ. ಸರಿ ಅನ್ನಬೇಕೋ ತಪ್ಪು ಅನ್ನಬೇಕೋ ಅನ್ನೋದರಾಗ ಟೈಮ್ ಮುಗೀತು. ಎಲ್ಲಾ ಪ್ರಶ್ನಿನೂ ಹಿಂಗೇ ಆದ್ವು.”

ಎರಡನೇ ಸಲ ಕಳಿಸುವಾಗ ಒಂದೇ ಮಾತು ಹೇಳಿದೆ: “ಅವ ಲಾರಿ ಕೆಳಗ ಬಿದ್ರೂ ಬೀಳ್ಲಿ, ನೀ ಒತ್ತು.” ಪಾಸಾದ್ಲು.

ಬಾಗಿಲ ಮುಂದಿನ ಎಂಟು

ಆಮ್ಯಾಲೆ ಕಾಲು ನೆಲಕ್ಕ ಊರದಂಗ ಗಾಡಿ ಮ್ಯಾಲೆ ಎಂಟು ಹೊಡಿಯೋ ಪರೀಕ್ಷಿ. ಮನಿ ಮುಂದ ಒಂದು ಎಂಟು ಬರಕೋ, ಪ್ರಾಕ್ಟೀಸ್ ಮಾಡು ಅಂದೆ. ಬರದ್ಲು. ಹೆಂಗ? ಚುಕ್ಕಿ ಇಟ್ಟು, ರಂಗೋಲಿ ಪುಡಿಯಾಗ, ಅಂಚಿಗೆ ಬಣ್ಣ ತುಂಬಿ! ನಾನು ಸ್ಕೂಟಿ ತಂದ್ರ ಅಡ್ಡ ನಿಂತ್ಲು.

“ಅಯ್ಯ, ತುಳೀಬ್ಯಾಡ್ರೀ, ಅಳಿಸಿ ಹೋಗ್ತೈತಿ!”

ಹಾಲಿನಾಂವ ಸೈಕಲ್ ಹೊತ್ಕೊಂಡು ದಾಟಿದ. ಮರುದಿನ ಎದುರುಮನಿ ಅಜ್ಜಿ ಬಂದು ಆ ಎಂಟಿಗೆ ಅರಿಷಿಣ ಕುಂಕುಮ ಏರಿಸಿ ಕೈಮುಗಿದು ಹೋದ್ಲು. ಕಡೀಕ ಖಾಲಿ ಬಯಲಾಗ ನಾನು ಚಪ್ಪಲಿಲೆ ಒಂದು ಸೊಟ್ಟ ಎಂಟು ಗೀರಿದೆ. “ಥೂ, ಏನ್ ಕೈಬರಹಾರೀ ನಿಮ್ಮದು!” ಅಂತ ಬೈಕೋತನೇ ಅದರ ಮ್ಯಾಲೆ ಕಲಿತ್ಲು.

ನೆಲಕ್ಕ ಹತ್ತಿದ ಕಾಲು

ಪರೀಕ್ಷಿ ದಿನ ಬಂತು. ಎರಡು ದಿನ ಬಿಟ್ರ ಸಾಲಿ ಶುರು. ಹಿಂದ ದೊಡ್ಡ ಪಾಳಿ, ಸುಡು ಬಿಸಿಲು. ಆಕಿ ಗಾಡಿ ಹತ್ತದ ನೆಲ ನೋಡ್ಕೋತ ನಿಂತ್ಲು.

“ಸಾರ್, ಈ ಎಂಟಿನ ಕೆಳಗಿನ ಹೊಟ್ಟಿ ದೊಡ್ಡದಾಗೈತ್ರಿ.”

ಪರೀಕ್ಷಿ ಮಾಡೋ ಸಾಹೇಬ್ರು ಬೆವರು ಒರಸ್ಕೊಂಡ್ರು. “ಅದರ ಹೊಟ್ಟಿ ಅದಕ್ಕಿರಲಿ ತಾಯಿ, ನೀವು ಗಾಡಿ ಬಿಡ್ರಿ.”

ಬಿಟ್ಲು. ಎಂಟು ಮುಗೀತು. “ಪಾಸ್, ನಡೀರಿ” ಅಂದ್ರು ಸಾಹೇಬ್ರು.

“ಇಲ್ರಿ ಸಾರ್. ತಿರುವಿನಾಗ ನನ್ನ ಎಡಗಾಲು ನೆಲಕ್ಕ ಹತ್ತೇತಿ. ನಿಮಗ ಕಂಡಿಲ್ಲ.”

ರೂಪನಗುಡಿ ಕೋಣಿ, ನನ್ನ ಕೈ ಅಡಿಗಿ, ಎಲ್ಲಾ ಕಣ್ಮುಂದ ಬಂದ್ವು. ಸಾಹೇಬ್ರು ಆಕಿನ ಮುಖ ನೋಡಿದ್ರು. “ನನ್ನ ಸರ್ವೀಸಿನಾಗ ಹಿಂಗ ಯಾರೂ ಹೇಳಿಲ್ಲಮ್ಮ. ಇನ್ನೊಂದು ಸಲ ಹೊಡೀರಿ.”

ಹೊಡದ್ಲು ನೋಡ್ರಿ! ಕಾಲು ಅಲುಗಲಿಲ್ಲ, ಗಾಲಿ ಗೆರಿ ಬಿಡಲಿಲ್ಲ. ಪಾಳಿಯಾಗಿದ್ದವರೆಲ್ಲ ಚಪ್ಪಾಳಿ ತಟ್ಟಿದ್ರು. ಪಕ್ಕದಾಂವ ಕೇಳದಿದ್ರೂ, “ನನ್ನ ಹೆಂಡ್ತಿರೀ ಆಕಿ” ಅಂದೆ. ಅಷ್ಟು ಹೆಮ್ಮಿ ನನಗ ಮದುವಿ ದಿನಾನೂ ಆಗಿರಲಿಲ್ಲ.

ಮುಂದಿನ ಪಾಳಿ ನಂದು. ಅದೇ ಖುಷಿಯಾಗ ಸುಂಯ್ ಅಂತ ಎಂಟು ಹೊಡದೆ. ಸಾಹೇಬ್ರು “ಪಾಸ್” ಅಂತ ಬಾಯಿ ತೆಗಿಯೋದಕ್ಕೂ, ಬೇಲಿ ಕಡಿಂದ ಕೂಗು ಬರೋದಕ್ಕೂ ಸರಿಹೋತು.

“ಸಾರ್! ಅವರವು ಎರಡೂ ಕಾಲು ಹತ್ಯಾವ್ರಿ! ನಾ ನೋಡೇನಿ!”

“ಇವರು ನಿಮಗೇನಾಗಬೇಕಮ್ಮ?”

“ನಮ್ಮ ಮನಿಯವರ್ರಿ.”

ಸಾಹೇಬ್ರು ನಗು ತಡಕೊಳ್ಳಾಕ ಆಗದ ಕರವಸ್ತ್ರ ಬಾಯಿಗೆ ಹಿಡಕೊಂಡ್ರು. ನಾನು ಫೇಲ್.

ಈಗ ದಿನಾ ಮುಂಜಾನಿ ನನ್ನನ್ನ ಬಸ್ ಸ್ಟ್ಯಾಂಡಿಗೆ ಬಿಟ್ಟು ರೂಪನಗುಡಿಗೆ ಹೋಗ್ತಾಳ. ನಾನು ಹಿಂದ ಎದಿ ಉಬ್ಬಿಸಿ ಕುಂತಿರ್ತೀನಿ. ಸಿಗ್ನಲ್ಲಿನಾಗ ಗಾಡಿ ನಿಂತಾಗ ನಾನು ಕಾಲು ಕೆಳಗ ಬಿಟ್ರ, ಆಕಿ ಹೊಳ್ಳಿ ಸುದ್ದಾ ನೋಡಂಗಿಲ್ಲ.

“ಮುಂದಿನ ತಿಂಗಳು ನಿಮ್ಮ ಪರೀಕ್ಷಿ ಐತಿ. ಕಾಲು ಮ್ಯಾಲೆ ಇಡ್ರಿ.”