ಬೆನ್ನಿನಿಂದ ಪಾಠ ಹೇಳುವ ಕಟಿಂಗ್ ಮಾಸ್ತರರಿಗೆ

ನಮ್ಮ ಟೈಲರ್ ಅಂಗಡಿಯ ಹಿರಿಯ ಕಟಿಂಗ್ ಮಾಸ್ತರರ ಸನ್ನಿಧಿಗೆ, ಗುಂಡಿ ಹೊಲಿಯುವ ಹುಡುಗಿಯ ಅನಂತ ನಮಸ್ಕಾರಗಳು.

ಮಾನ್ಯರೇ,

ಇದು ನಾಲ್ಕನೇ ತರಗತಿಗೇ ನಿಂತುಹೋದ ಕೈಬರಹ. ಅಕ್ಷರ ಸೊಟ್ಟಗಿದ್ದರೆ, ಕಾಗುಣಿತ ತಪ್ಪಿದ್ದರೆ ಕ್ಷಮಿಸಬೇಕು. ತಮ್ಮೆದುರು ನನಗೆ ನಾಲಿಗೆ ಹೊರಳದ ಕಾರಣ, ಎಲ್ಲರೂ ಓದಲೆಂದು ಇದನ್ನು ಕನ್ನಡಿಯ ಪಕ್ಕ ಗುಂಡುಪಿನ್ನು ಚುಚ್ಚಿ ನೇತುಹಾಕಿದ್ದೇನೆ.

ತಿಂಗಳ ಕೊನೆಗೆ ತಾವು ಕೆಲಸ ಬಿಡುತ್ತಿರುವುದರಿಂದ ಯಜಮಾನರು ನನ್ನನ್ನು ಕರೆದು, "ಸೋಮವಾರ ನೀನೇ ಒಂದು ಕೋಟು ಕತ್ತರಿಸು. ತೋಳು ಸರಿಯಾಗಿ ಕೂತ್ರೆ ಮಾಸ್ತರ ಮೇಜು ನಿಂದು, ಇಲ್ಲಾಂದ್ರೆ ಗುಂಡಿ ಹೊಲೀತಾ ಇರು" ಎಂದಿದ್ದಾರೆ. ಆದ್ದರಿಂದ ಎಂಟು ತಿಂಗಳ ತಮ್ಮ ಪಾಠದ ಗುಣಗಾನಕ್ಕೆ ಇದೇ ಸಮಯ.

ಮೊದಲ ದಿನ ತಾವು "ನೋಡ್ಕೊಂಡು ಕಲಿಯಮ್ಮ" ಎಂದು ಅಪ್ಪಣೆ ಕೊಟ್ಟು, ಗೋಡೆಗೆ ಅಂಟಿಸಿಟ್ಟ ಮೇಜಿನ ಕಡೆ ತಿರುಗಿದಿರಿ. ಅಂದಿನಿಂದ ನೋಡುತ್ತಲೇ ಇದ್ದೇನೆ. ಕತ್ತರಿ ಕಾಣದು, ಸೀಮೆಸುಣ್ಣ ಕಾಣದು, ತಮ್ಮ ಬೆನ್ನು ಮಾತ್ರ ಕಣ್ತುಂಬ ಕಾಣುತ್ತದೆ. ಆ ವಿದ್ಯೆಯಲ್ಲಿ ನಾನೀಗ ಪಾರಂಗತೆ: ಎಡಭುಜ ಏರಿದರೆ ಕಾಲರು, ಎರಡೂ ಏರಿದರೆ ತೋಳು, ಎರಡೂ ಕುಣಿದರೆ ಕೆಮ್ಮು.

ನಾನು ಕೂರಿಸಿದ ಒಂದೇ ತೋಳನ್ನು ತಾವು ಐದು ಸಲ ಬಿಚ್ಚಿ, ತುಟಿ ಪಿಟಕ್ಕೆನ್ನದೆ ನನ್ನ ಮಡಿಲಿಗೆ ಎಸೆದಿರಿ. ಬೇರೆಯವರಾಗಿದ್ದರೆ ಕಾರಣ ಹೇಳಿ ವಿದ್ಯೆಯ ಗಾಂಭೀರ್ಯವನ್ನೇ ಕೆಡಿಸುತ್ತಿದ್ದರು. ಆ ಸಂಜೆ ಯಜಮಾನರ ಮುಂದೆ, "ಈಗಿನವ್ರು ಬಾಯಿ ಬಿಟ್ಟು ಒಂದು ಮಾತು ಕೇಳಲ್ಲ" ಎಂದು ಮರುಗಿದಿರಂತೆ. ಮರುದಿನ ಜೀವ ಗಟ್ಟಿ ಮಾಡಿಕೊಂಡು, "ಮಾಸ್ತರೇ, ತೋಳು ಯಾಕೆ ಸುಕ್ಕಾಗತ್ತೆ?" ಎಂದು ಕೇಳಿದೆ. "ನಮ್ ಕಾಲದಲ್ಲಿ ದೊಡ್ಡೋರಿಗೆ ಹೀಗೆಲ್ಲ ಎದುರಾಡ್ತಿರಲಿಲ್ಲ" ಎಂದಿರಿ. ಕೇಳದಿದ್ದರೆ ಸೋಮಾರಿ, ಕೇಳಿದರೆ ಬಾಯಿಬಡುಕಿ. ಎರಡರ ನಡುವೆ ಒಂದು ಬೆರಳಷ್ಟು ಜಾಗವಿದ್ದರೆ ಗೀಟು ಹಾಕಿ ತೋರಿಸಿ, ಅಲ್ಲೇ ನಿಲ್ಲುತ್ತೇನೆ.

ನನ್ನ ಬೇಡಿಕೆ ತೀರಾ ಸಣ್ಣದು. ಭಾನುವಾರದೊಳಗೆ ತಾವು ತಮ್ಮ ಬೆನ್ನಿಗೊಂದು ಕಿಟಕಿ ಇಡಿಸಿಕೊಳ್ಳಬೇಕು. ಪರದೆ ನಾನೇ ಹೊಲಿದುಕೊಡುತ್ತೇನೆ.

ಎಂಟು ತಿಂಗಳಿನಿಂದ ಬೆನ್ನ ಹಿಂದೆಯೇ ನಿಂತಿರುವ,
ತಮ್ಮ ವಿಶ್ವಾಸಿ,
ಗುಂಡಿ ಹುಡುಗಿ

ಮರೆತ ಮಾತು: ಕಿಟಕಿಯ ಕೆಲಸ ಈ ವಯಸ್ಸಿನಲ್ಲಿ ತಮಗೆ ತ್ರಾಸವಾದೀತೆಂದು, ಇಂದು ಬೆಳಿಗ್ಗೆ ತಾವು ಬರುವ ಮೊದಲೇ ನಮ್ಮಲ್ಲಿ ಇಸ್ತ್ರಿ ಹಾಕುವ ಅಕ್ಕನ ಕೈ ಜೋಡಿಸಿಕೊಂಡು ತಮ್ಮ ಮೇಜನ್ನು ಗೋಡೆಯಿಂದ ಈಚೆಗೆ ಎಳೆದಿದ್ದೇನೆ. ನಡುವೆ ಒಬ್ಬರು ನಿಲ್ಲುವಷ್ಟೇ ಜಾಗವಿದೆ. ಆ ಜಾಗ ತಮ್ಮದು. ತಮ್ಮ ಬೆನ್ನನ್ನು ಇನ್ನು ಗೋಡೆ ನೋಡಿ ಕಲಿಯಲಿ. ನನ್ನ ಸ್ಟೂಲನ್ನು ಎದುರಿಗೆ ಹಾಕಿಕೊಂಡಿದ್ದೇನೆ.