ಒಂದೂವರೆ ಅಡಿ ಹ್ಯಾಂಡಲ್ಲು, ಊರಗಲ ಸಾಮಾನು

ಸೈಕಲ್ ಅಂಗಡಿ ಇಟ್ಟವನು ನಗುವುದಕ್ಕೆ ಬೇರೆ ಕಡೆ ಹೋಗಬೇಕಾಗಿಲ್ಲ. ಪಂಕ್ಚರ್ ಹಾಕಿಸಲು ಬಂದವರೇ ಒಂದೊಂದು ನಗು ಬಿಟ್ಟು ಹೋಗುತ್ತಾರೆ. ತೊಂಬತ್ತರ ದಶಕದಲ್ಲಿ ಪಾಂಡವಪುರದ ಬಸ್ ಸ್ಟ್ಯಾಂಡಿನ ಹತ್ತಿರ ನನ್ನದೊಂದು ಅಂಗಡಿ ಇತ್ತು. ಟೈರು ಟ್ಯೂಬು ಯಾರು ಬೇಕಾದರೂ ಹಾಕುತ್ತಾರೆ, ನನ್ನ ಹೆಸರು ಓಡುತ್ತಿದ್ದುದು ಹ್ಯಾಂಡಲ್ ಕೆಲಸಕ್ಕೆ. ಬೆಲ್ಲು, ಲೈಟು, ಕನ್ನಡಿ, ಬುಟ್ಟಿ, ಏನು ತಂದರೂ ಕ್ಲಾಂಪು ಹಾಕಿ ಕೂರಿಸುತ್ತಿದ್ದೆ. "ನಮ್ಮ ಅಂಗಡೀಲಿ ಜಾಗ ಇಲ್ಲ ಅನ್ನೋ ಮಾತೇ ಇಲ್ಲ" ಅಂತ ಬಂದವರಿಗೆಲ್ಲ ಹೇಳುತ್ತಿದ್ದೆ. ಈ ಜಂಬದಿಂದ ಒಬ್ಬ ಹೊಸ ಅಳಿಯನ ಮರ್ಯಾದೆ ಹೋಗುವುದರಲ್ಲಿತ್ತು. ಅದನ್ನು ಕೊನೆಯಲ್ಲಿ ಹೇಳುತ್ತೇನೆ.

೧. ಹಾಲಿನವನ ಲೈಟು

ಕರಿಘಟ್ಟದ ಕಡೆಯ ಒಬ್ಬ ಹಾಲಿನವನು ಹ್ಯಾಂಡಲ್ಲಿನ ಎರಡೂ ಬದಿಗೆ ಕ್ಯಾನು ನೇತುಹಾಕಿಕೊಂಡು ಶ್ರೀರಂಗಪಟ್ಟಣಕ್ಕೆ ಹಾಲು ಹಾಕುತ್ತಿದ್ದ. ಬೆಳಗಿನ ಜಾವ ಕತ್ತಲಿರುತ್ತದೆ, ಲೈಟು ಹಾಕಿಕೊಡು ಅಂತ ನನ್ನ ಹತ್ತಿರ ಬಂದ. ಎರಡು ಕ್ಯಾನಿನ ನಡುವೆ ಉಳಿದಿದ್ದ ಸಂದಿಯಲ್ಲಿ ಹೇಗೋ ತುರುಕಿ ಕೂರಿಸಿದೆ. ಅವನು ಹೋದ ಮೇಲೆ ಯೋಚನೆ ಹತ್ತಿತು. ಆ ಲೈಟು ಓರೆಯಾಗಿ ನಿಂತಿತ್ತು, ಅದರ ಬೆಳಕು ರಸ್ತೆಗೆ ಬೀಳಲು ಸಾಧ್ಯವೇ ಇರಲಿಲ್ಲ, ಪೂರ್ತಿ ಬಲಗಡೆಯ ಕ್ಯಾನಿನ ಮೇಲೇ ಬೀಳುತ್ತಿತ್ತು.

ವಾರ ಬಿಟ್ಟು ಸಿಕ್ಕಾಗ, ಬಾ, ಸರಿ ಮಾಡಿಕೊಡ್ತೀನಿ ಅಂದೆ. ಅವನು ಬೇಡವೇ ಬೇಡ ಅಂದ.

"ಅಂಗೇ ಇರ್ಲಿ ಬುಡಣ್ಣ. ರಸ್ತೆ ನಂಗೆ ಗೊತ್ತೈತೆ. ಹಾಲು ಎಷ್ಟು ಚೆಲ್ತು ಅಂತ ತಾನೆ ಗೊತ್ತಾಗ್ಬೇಕಾಗಿದ್ದುದು?"

೨. ಗಾಳಿ ತಿರುಗಲಿ ಅಂತ ಕೂತವರು

ನಮ್ಮೂರಿಗೆ ಪಡುವಲಲ್ಲಿರುವ ಅಕ್ಕಿಹೆಬ್ಬಾಳಿನ ಒಬ್ಬ ಹಿರಿಯರಿಗೆ ಕೊಡೆ ಹಿಡಿದುಕೊಂಡು ಸೈಕಲ್ ತುಳಿದು ಕೈ ಸೋತಿತ್ತು. ಹ್ಯಾಂಡಲ್ ನಡುವೆ ಒಂದು ಗಿಡ್ಡ ಕೊಳವೆ ನಿಲ್ಲಿಸಿ, ಬಿಚ್ಚಿದ ಕೊಡೆ ಅದರಲ್ಲಿ ಅಲುಗಾಡದಂತೆ ನಿಲ್ಲುವ ಹಾಗೆ ಮಾಡಿಕೊಟ್ಟೆ. ಅವರು ಖುಷಿಯಾಗಿ ಹೋದರು. ಆಮೇಲೆ ಆಷಾಢ ಬಂತು. ಆ ತಿಂಗಳು ನಮ್ಮ ಕಡೆ ಗಾಳಿ ಪಡುವಲಿಂದ ಮೂಡಲಿಗೆ ಯಾವ ಪರಿ ಬೀಸುತ್ತದೆ ಅಂತ ನಮ್ಮವರಿಗೆ ಹೇಳಬೇಕಾಗಿಲ್ಲ.

ಒಂದು ದಿನ ಬೆಳಗ್ಗೆ ಅವರು ಅಂಗಡಿಗೆ ಬಂದು ಬೆಂಚಿನ ಮೇಲೆ ಕೂತರು. ಕೊಡೆಯ ಬಟ್ಟೆ ಡೊಳ್ಳಿನ ಹಾಗೆ ಬಿಗಿದಿತ್ತು. ಕೆಲಸ ಏನಾದರೂ ಇದೆಯಾ ಅಂತ ಕೇಳಿದೆ. ಏನೂ ಇಲ್ಲ ಅಂದರು. ಮಧ್ಯಾಹ್ನವಾಯಿತು, ಊಟ ತರಿಸಿಕೊಟ್ಟೆ, ಉಂಡರು. ಮತ್ತೆ ಕೂತರು. ಸಂಜೆಯಾದರೂ ಏಳಲಿಲ್ಲ. ಯಾಕೆ ಯಜಮಾನರೇ, ಮನೆಯಲ್ಲಿ ಏನಾದರೂ ಜಗಳವೇ ಅಂತ ಮೆಲ್ಲಗೆ ಕೇಳಿದೆ.

"ಜಗಳ ಯಾಕಪ್ಪ? ಊರಿಂದ ಇಲ್ಲೀಗಂಟ ಪೆಡ್ಲು ಮುಟ್ನಿಲ್ಲ ಕಣಪ್ಪ, ಗಾಳಿನೇ ತಂದ್ಬುಡ್ತು. ಈಗ ಅದು ಆ ಕಡೀಕ್ ತಿರುಗ್ಲಿ ಅಂತ ಕೂತಿವ್ನಿ."

ಆಷಾಢದ ಗಾಳಿ ತಿರುಗಬೇಕಾದರೆ ಅವರು ನನ್ನ ಅಂಗಡಿಯಲ್ಲೇ ಸಂಸಾರ ಹೂಡಬೇಕಿತ್ತು. ಸೈಕಲ್ಲನ್ನು ಕೆ.ಆರ್. ಪೇಟೆ ಬಸ್ಸಿನ ಮೇಲೆ ಹಾಕಿಸಿ ಕಳಿಸಿದೆ. ಕೊಡೆಯೊಂದನ್ನು ಮಡಚಿಬಿಡಿ, ಇಲ್ಲದಿದ್ದರೆ ಬಸ್ಸೂ ಮೂಡಲಿಗೇ ಹೋದೀತು ಅಂತ ಕಂಡಕ್ಟರು ಕೈ ಮುಗಿದ.

೩. ನಮ್ಮ ಮನೆಯವಳ ಸೌಟು

ಅಡುಗೆಮನೆಯಲ್ಲಿ ಸೌಟು ನೇತುಹಾಕಲು ನಾಲ್ಕು ಮೊಳೆ ಹೊಡೆದುಕೊಡಿ ಅಂತ ನಮ್ಮ ಮನೆಯವಳು ಯುಗಾದಿಯಿಂದ ಕೇಳುತ್ತಿದ್ದಳು. ಗೋಡೆಯಲ್ಲಿ ಜಾಗ ಎಲ್ಲಿದೆ ಅಂತ ನಾನು ಜಾರಿಕೊಳ್ಳುತ್ತಿದ್ದೆ. ಗೌರಿ ಹಬ್ಬದ ಮಾರನೆ ದಿನ ಅಂಗಡಿಗೆ ಹೊರಟು ನೋಡುತ್ತೇನೆ, ನನ್ನ ಸೈಕಲ್ ಹ್ಯಾಂಡಲ್ಲಿನ ಉದ್ದಕ್ಕೂ ಸೌಟು, ಜಾಲರಿ, ಮುದ್ದೆ ತಿರುವುವ ಕೋಲು ಸಾಲಾಗಿ ನೇತಾಡುತ್ತಿವೆ. ಇದೇನೇ ಅಂತ ಕೇಳಿದೆ.

"ಅಲ್ಲಿ ಜಾಗ ಇಲ್ಲ ಅನ್ನೋ ಮಾತೇ ಇಲ್ವಂತಲ್ಲ" ಅಂದಳು.

ಅವತ್ತು ಅಂಗಡಿ ಬಾಗಿಲು ತೆಗೆದಿದ್ದು ಮೊಳೆ ಹೊಡೆದ ಮೇಲೆ.

೪. ಬ್ರೇಕು ಯಾರು ಕೊಟ್ಟದ್ದು?

ಈಗ ಆ ಹೊಸ ಅಳಿಯನ ಕತೆ. ಹುಡುಗ ನಮ್ಮ ಊರಿನ ಪಕ್ಕದ ಆಲೆಮನೆಯಲ್ಲಿ ಬೆಲ್ಲ ತೂಗುವ ಕೆಲಸಕ್ಕಿದ್ದ. ಹೊಣಕೆರೆ ಕಡೆಯ ಹೆಣ್ಣು ತಂದಿದ್ದ. ಮಾವ ಮದುವೆಗೆ ಹೊಸ ಸೈಕಲ್ಲು ಕೊಟ್ಟಿದ್ದರು. ಮಾವ ಸೈಕಲ್ಲು ಕೊಟ್ಟ ಮೇಲೆ ಉಳಿದವರು ಸುಮ್ಮನಿರುತ್ತಾರೆಯೇ? ಶ್ರೀರಂಗಪಟ್ಟಣದಲ್ಲಿದ್ದ ದೊಡ್ಡ ಭಾವಮೈದ ರಬ್ಬರ್ ಬುಡ್ಡೆಯ ಹಾರ್ನು ಕೊಟ್ಟ. ಕೆ.ಆರ್. ಪೇಟೆಯವನು ಜೋಡಿ ಕನ್ನಡಿ ಕೊಟ್ಟ. ನಾಗಮಂಗಲದವನು ತೆಂಗಿನಕಾಯಿ ಗಾತ್ರದ ಲೈಟು ಕೊಟ್ಟ. ಚಿಕ್ಕಮಾವನದು ತಂತಿ ಬುಟ್ಟಿ. ಹೆಣ್ಣಿನ ಸೋದರತ್ತೆ ತಾನೇ ಕೂತು ಹೆಣೆದ ಉಲ್ಲನ್ನಿನ ಕುಚ್ಚು, ಒಂದೊಂದೂ ಮೊಳದುದ್ದ.

ಮೊದಲ ದೀಪಾವಳಿಗೆ ಮಾವನ ಮನೆಗೆ ಹೋಗಬೇಕು. ಎಲ್ಲವನ್ನೂ ಚೀಲದಲ್ಲಿ ತಂದು ನನ್ನ ಮುಂದೆ ಸುರಿದ.

"ಒಂದು ಬುಟ್ರೂ ಕೊಟ್ಟೋರು ಮೂತಿ ತಿರುವ್ತಾರೆ ಕಣಣ್ಣ. ಬಾಗ್ಲಲ್ಲೇ ನಿಂತು ಎಣಿಸ್ತಾರೆ. ಎಂಗಾರ ಮಾಡಿ ಕೂರ್ಸು."

ಅವನ ಹೆದರಿಕೆ ಸುಳ್ಳಲ್ಲ. ಆ ಮನೆಯ ದೊಡ್ಡ ಅಳಿಯ ಅತ್ತೆ ಕೊಟ್ಟ ಟವಲ್ಲು ಹೊದೆಯದೆ ಹೋಗಿದ್ದಕ್ಕೆ ಎರಡು ವರ್ಷ ಅವನ ಒಬ್ಬಟ್ಟಿಗೆ ತುಪ್ಪ ಬಿದ್ದಿರಲಿಲ್ಲವಂತೆ. ನನಗೆ ಪಾಪ ಅನ್ನಿಸಿತು.

ಅರ್ಧ ದಿನ ಹೆಣಗಾಡಿದೆ. ಲೈಟು ಕೂತಿತು, ಬುಟ್ಟಿ ಕೂತಿತು, ಎಡಗಡೆ ಕನ್ನಡಿ, ಕುಚ್ಚು ಎಲ್ಲ ಕೂತವು. ಬಲಗಡೆ ಕನ್ನಡಿಗೆ ಮಾತ್ರ ಮುಂದಿನ ಬ್ರೇಕಿನ ಹಿಡಿ ಅಡ್ಡ ಬರುತ್ತಿತ್ತು. ನಾನು ಸ್ಪ್ಯಾನರು ಕೆಳಗಿಟ್ಟು ಕೇಳಿದೆ.

"ಈ ಬ್ರೇಕು ಯಾರು ಕೊಟ್ಟದ್ದು?"

"ಯಾರೂ ಕೊಟ್ಟಿಲ್ಲ. ಸೈಕಲ್ ಜೊತೇಲೆ ಬಂದದ್ದು."

"ಅಂದ್ರೆ ಬಿಚ್ಚುದ್ರೆ ಬೇಜಾರಾಗೋರು?"

ಅವನು ನೆಂಟರನ್ನೆಲ್ಲ ಮನಸ್ಸಿನಲ್ಲೇ ಎಣಿಸಿ, "ಯಾರೂ ಇಲ್ಲ" ಅಂದ. ಬಿಚ್ಚಿದೆ.

ಹಿಂದಿನ ಬ್ರೇಕು ಇಟ್ಟೆ, ನನಗೂ ಅಷ್ಟು ಬುದ್ಧಿ ಇತ್ತು. ಆದರೆ ಹಾರ್ನಿನ ರಬ್ಬರ್ ಬುಡ್ಡೆಗೆ ಉಳಿದಿದ್ದುದು ಒಂದೇ ಜಾಗ, ಎಡಗೈ ಹಿಡಿಗೂ ಆ ಬ್ರೇಕಿಗೂ ನಡುವೆ. ತುರುಕಿ, ಬ್ರೇಕು ಅದುಮಿ ನೋಡಿದೆ. ಪೋಂ ಅಂತು. ಬ್ರೇಕು ಹಿಡಿದರೆ ಹಾರ್ನೂ ಆಗುತ್ತದೆ, ಒಂದೇ ಕೈಗೆ ಎರಡು ಕೆಲಸ ಅಂತ ನನ್ನ ಬೆನ್ನು ನಾನೇ ತಟ್ಟಿಕೊಂಡೆ. ಪೋಂ ಅಂದದ್ದನ್ನು ಕೇಳಿದೆನೇ ಹೊರತು ಚಕ್ರ ನಿಂತಿತೋ ಇಲ್ಲವೋ ಅಂತ ನೋಡಲಿಲ್ಲ.

ಹಬ್ಬ ಕಳೆದ ನಾಲ್ಕನೇ ದಿನ ದಪ್ಪ ಮೀಸೆಯ ಯಜಮಾನರೊಬ್ಬರು ಅದೇ ಸೈಕಲ್ಲು ತಳ್ಳಿಕೊಂಡು ಬಂದರು. ಬುಟ್ಟಿಯ ತುಂಬ ಭತ್ತದ ಹುಲ್ಲು ಸಿಕ್ಕಿಕೊಂಡಿತ್ತು. ಹುಡುಗನ ಮಾವ ಅವರು. ಇದನ್ನೆಲ್ಲ ಕೂರಿಸಿದ್ದು ನೀನೇ ಏನಪ್ಪ ಅಂತ ಕೇಳಿದರು. ಹೂಂ ಅಂದೆ. ನಿಂತಲ್ಲೇ ಹೇಳತೊಡಗಿದರು.

ಹುಡುಗ ನಾಗಮಂಗಲದವರೆಗೆ ಬಸ್ಸಿನ ಮೇಲೆ ಸೈಕಲ್ ಹಾಕಿಕೊಂಡು ಬಂದು, ಅಲ್ಲಿಂದ ತುಳಿದಿದ್ದಾನೆ. ಅವರ ಊರ ಬಾಗಿಲಲ್ಲಿ ಇಳಿಜಾರು. ಮನೆಯ ಮುಂದೆ ಅಷ್ಟೂ ನೆಂಟರು, ಅತ್ತೆಯ ಕೈಯಲ್ಲಿ ಆರತಿ ತಟ್ಟೆ. ದೂರದಲ್ಲಿ ಪೋಂ ಅಂತಲೇ, ನಾನು ಕೊಟ್ಟ ಹಾರ್ನು ಅಂತ ದೊಡ್ಡ ಭಾವಮೈದ ಎದೆ ಉಬ್ಬಿಸಿದ. ಪೋಂ ಪೋಂ ಹತ್ತಿರವಾಯಿತು. ಕನ್ನಡಿ ಮಿಂಚಿತು, ಕುಚ್ಚು ಹಾರಾಡಿತು. ಅಳಿಯ ಬಂದ, ಮನೆ ದಾಟಿದ, ಪೋಂ ಪೋಂ ಅನ್ನಿಸುತ್ತಲೇ ಮುಂದಕ್ಕೆ ಹೊರಟೇಹೋದ. ಅತ್ತೆ ಆರತಿ ತಟ್ಟೆ ಹಿಡಿದುಕೊಂಡೇ ಹಿಂದೆ ಓಡಿದರು.

"ಎಲ್ಲಾರು ಕೊಟ್ಟಿದ್ದೂ ಮೆರೀತಾ ಹೋಯ್ತು ಕಣಪ್ಪ. ಅಳಿಯ ಒಬ್ಬ ನಮ್ಮನೆ ಬಾಗ್ಲಲ್ಲಿ ನಿಲ್ನಿಲ್ಲ."

ಇಷ್ಟು ಕೊಬ್ಬೇ ಇವನಿಗೆ ಅಂತ ಮನೆಮಂದಿಯೆಲ್ಲ ಮುಖ ಗಂಟು ಹಾಕಿಕೊಂಡು ಬೀದಿಯ ಕೊನೆಗೆ ಹೋಗಿ ನೋಡಿದರೆ, ಅಳಿಯ ಹುಲ್ಲಿನ ಮೆದೆಯೊಳಗೆ ಸೊಂಟದವರೆಗೆ ಹೂತು ಕೂತಿದ್ದ. ಬ್ರೇಕು ಹಿಡಿದ ಕೈ ಇನ್ನೂ ಬಿಟ್ಟಿರಲಿಲ್ಲ. ಹಬ್ಬಕ್ಕೆ ಮೊದಲೇ ತವರಿಗೆ ಬಂದಿದ್ದ ಹೆಂಡತಿ ನಕ್ಕೂ ನಕ್ಕೂ ಅಲ್ಲೇ ಕುಸಿದು ಕೂತಳಂತೆ. ಆರತಿಯನ್ನು ಮೆದೆಗೇ ಎತ್ತಿದರಂತೆ.

ನನಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಒಂದು ಸಾಮಾನು ತೆಗೆದು ಸರಿ ಮಾಡಿಕೊಡುತ್ತೇನೆ ಅಂದೆ. ಯಾರದ್ದು ತೆಗೀತೀಯ ಅಂತ ಕೇಳಿದರು.

ಅವರು ಚೀಲಕ್ಕೆ ಕೈ ಹಾಕಿ ಒಂದು ಜೊತೆ ಹೊಸ ಬ್ರೇಕು ತೆಗೆದು ನನ್ನ ಮುಂದೆ ಇಟ್ಟರು. ಅರಿಶಿನ ಕುಂಕುಮ ಹಚ್ಚಿತ್ತು, ಜೊತೆಗೆ ಎಲೆ ಅಡಿಕೆ ಇತ್ತು. ನಾನು ಹ್ಯಾಂಡಲ್ಲನ್ನು ಆ ತುದಿಯಿಂದ ಈ ತುದಿಯವರೆಗೆ ನೋಡಿದೆ. ಅಷ್ಟು ವರ್ಷದಲ್ಲಿ ಆಡದ ಮಾತು ಬಾಯಿಂದ ಬಂದೇಬಿಟ್ಟಿತು.

"ಜಾಗ ಇಲ್ಲ ಯಜಮಾನ್ರೇ."

ಅವರು ಮೀಸೆ ತೀಡಿದರು.

"ಇದು ಮಾವ ಕೊಟ್ಟಿರೋ ಬ್ರೇಕು ಕಣಪ್ಪ. ಈಗ ಯಾವನು ಬಿಚ್ತಾನೋ ಬಿಚ್ಲಿ, ನೋಡಾನ."